ಹಳದಿ ಗುರಾಣಿಯ ಮೇಲೆ ಕೆಂಪು ಏಡಿ: ಮೋಸೆಲ್ ದಡದ ಈ ವೈನ್ ಊರಿನ ಲಾಂಛನದ ಕಥೆ ಯಾರಿಗಾದರೂ ಗೊತ್ತಾ?

ದಾವಣಗೆರೆ_ಸೈಕಲ್:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಜರ್ಮನಿಗೆ ಬಂದು ಒಂದೂವರೆ ವರ್ಷ ಆಯಿತು. ಇರುವುದು ಕೋಬ್ಲೆನ್ಸ್‌ನಲ್ಲಿ. ಈ ತಿಂಗಳು ಅಮ್ಮ ಬಂದಿದ್ದಾರೆ. ಹೋದ ಶನಿವಾರ ಅವರನ್ನು ಕರೆದುಕೊಂಡು ಮೋಸೆಲ್ ನದಿ ದಡದ ಬೆರ್ನ್‌ಕಾಸ್ಟೆಲ್‌ಗೆ ಹೋಗಿದ್ದೆ. ವಿಟ್ಲಿಶ್ ತನಕ ರೈಲು, ಅಲ್ಲಿಂದ ಬಸ್. ನದಿಯ ಎರಡೂ ಕಡೆ ಕಡಿದಾದ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ. ಕೊಯ್ಲು ಇನ್ನೂ ಶುರು ಆಗಿರಲಿಲ್ಲ. ಗೊಂಚಲುಗಳು ಹಾಗೇ ತೂಗುತ್ತಿದ್ದವು.

ಸೇತುವೆ ದಾಟಿದರೆ ಆ ಕಡೆ ಕ್ಯೂಸ್ ಅನ್ನುವ ಊರು. ಅಲ್ಲಿ ಸಿಕ್ಕ ಒಂದು ಕರಪತ್ರದಲ್ಲಿ ಗುರಾಣಿ ಆಕಾರದ ಲಾಂಛನ ಇತ್ತು. ಹಳದಿ ಹಿನ್ನೆಲೆ, ಅದರ ಮೇಲೆ ಕೆಂಪು ಏಡಿ. ಅಮ್ಮ ನೋಡಿದ ಕೂಡಲೇ "ಇದು ನಮ್ಮ ಬಾವುಟದ ಬಣ್ಣ ಅಲ್ವೇನೋ" ಅಂದರು. ಅದಾದ ಮೇಲೆ "ಸಮುದ್ರ ಇಲ್ಲದ ಊರಿಗೆ ಏಡಿ ಯಾಕೆ? ದ್ರಾಕ್ಷಿ ಇರಬೇಕಿತ್ತು" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ದಾರಿಯುದ್ದಕ್ಕೂ ಇಂಥವೇ ಕಾಣಿಸಿದವು. ಒಂದೂರಿಗೆ ಕೆಂಪು ಶಿಲುಬೆ, ಇನ್ನೊಂದಕ್ಕೆ ಕೆಂಪು ಬಿಳಿ ಚೌಕಳಿ, ಮತ್ತೊಂದರಲ್ಲಿ ಬಾಗಿದ ಚಾಕು. ಸಾವಿರ ಜನ ಇರುವ ಹಳ್ಳಿಗೂ ಒಂದು ಲಾಂಛನ. ಇವನ್ನೆಲ್ಲ ಯಾರು ಮಾಡಿದರು? ಓದುವುದು ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ. ಅಮ್ಮನಿಗೆ ಉತ್ತರ ಕೊಡಬೇಕು.

ಮೈನ್ಸ್_ವಾಸಿ:
ಮೊದಲು ಊರಿನ ಹೆಸರು ಸರಿ ಮಾಡಿಕೊಳ್ಳೋಣ. ಬರೆಯುವಾಗ (Kues) ಒಂದು e ಬರುತ್ತದೆ, ಆದರೆ ಅದು ಸ್ವರ ಉದ್ದ ಮಾಡೋದಕ್ಕೆ ಅಷ್ಟೇ. ಹೇಳುವುದು ಕೂಸ್.

ಇನ್ನು ಏಡಿ. ಅದು ಊರಿನ ಏಡಿ ಅಲ್ಲ, ಒಬ್ಬ ಮನುಷ್ಯನ ಏಡಿ. ಕೂಸ್‌ನ ನಿಕೊಲಾಸ್ ಅಂತ ಒಬ್ಬರಿದ್ದರು, ಲ್ಯಾಟಿನ್‌ನಲ್ಲಿ ಕುಸಾನುಸ್. 1401ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರು. ಅಪ್ಪ ನದಿಯಲ್ಲಿ ದೋಣಿ ನಡೆಸಿ ವ್ಯಾಪಾರ ಮಾಡುತ್ತಿದ್ದರು, ದ್ರಾಕ್ಷಿ ತೋಟವೂ ಇತ್ತು. ಮನೆತನದ ಹೆಸರು ಕ್ರಿಫ್ಟ್ಸ್. ಇವತ್ತಿನ ಜರ್ಮನ್‌ನಲ್ಲಿ ಕ್ರೆಬ್ಸ್. ಅಂದರೆ ಏಡಿ! ಮಗ ಓದಿ, ಚರ್ಚಿನಲ್ಲಿ ಮೇಲೆ ಬಂದು, 1448ರಲ್ಲಿ ಕಾರ್ಡಿನಲ್ (ಪೋಪ್‌ಗೆ ಹತ್ತಿರದ ಹಿರಿಯ ಧರ್ಮಗುರು) ಆದರು. ಕಾರ್ಡಿನಲ್ ಅಂದ ಮೇಲೆ ಲಾಂಛನ ಬೇಕು. ಅವರು ಕುಲೀನ ಮನೆತನದವರಲ್ಲ. ಇಟ್ಟುಕೊಂಡಿದ್ದು ಅಪ್ಪನ ಹೆಸರನ್ನೇ. ಬಂಗಾರದ ಬಣ್ಣದ ಗುರಾಣಿಯ ಮೇಲೆ ಕೆಂಪು ಏಡಿ.

ಜರ್ಮನ್ನರು ಇಂಥದ್ದನ್ನು 'ಮಾತಾಡುವ ಲಾಂಛನ' ಅನ್ನುತ್ತಾರೆ. ಚಿತ್ರ ನೋಡಿದರೆ ಹೆಸರು ಬಾಯಿಗೆ ಬರಬೇಕು. ಬರ್ಲಿನ್‌ಗೆ ಕರಡಿ ಬಂದಿದ್ದೂ ಹೀಗೇ. ಬರ್ಲಿನ್ ಅನ್ನುವ ಹೆಸರು ಸ್ಲಾವ್ ಭಾಷೆಯದು, ಜೌಗು ನೆಲ ಅನ್ನುವ ಅರ್ಥದ್ದು. ಆದರೆ ಕಿವಿಗೆ 'ಬೇರ್' ಅಂತ ಕೇಳುತ್ತದೆ, ಜರ್ಮನ್‌ನಲ್ಲಿ ಅದು ಕರಡಿ. ನೀವು ಆ ಕಡೆ ಬೆರ್ನ್‌ಕಾಸ್ಟೆಲ್‌ನಲ್ಲಿ ಕರಡಿ ಕಾರಂಜಿ ನೋಡಿರಬೇಕಲ್ವಾ? ಅದೂ ಇದೇ ಜಾತಿ.

ಬೆಣ್ಣೆದೋಸೆ:
ಕೂಸ್ ಊರಿನ ಕೂಸು! ಈ ಹೆಸರನ್ನು ಇನ್ನು ಮರೆಯುವುದಿಲ್ಲ.

ಕಡಲ_ಮಗ:
ಮಾರಾಯ್ರೆ, ಸ್ವಲ್ಪ ನಿಲ್ಲಿ. ಆ ಚಿತ್ರ ಹುಡುಕಿ ನೋಡಿದೆ. ಅದು ಏಡಿ ಅಲ್ಲವೇ ಅಲ್ಲ. ಏಡಿಗೆ ಮೈ ಅಗಲ, ಬಾಲ ಹೊಟ್ಟೆ ಅಡಿಗೆ ಮಡಚಿರುತ್ತದೆ. ಇದಕ್ಕೆ ಉದ್ದ ಮೈ, ಹಿಂದೆ ಬೀಸಣಿಗೆ ಥರ ಬಾಲ, ಮುಂದೆ ದೊಡ್ಡ ಕೊಂಬು. ತುಳುವಿನಲ್ಲಿ ಏಡಿಗೆ ಡೆಂಜಿ, ಸಿಗಡಿಗೆ ಎಟ್ಟಿ. ಇದು ಎಟ್ಟಿಯ ಮೈ, ಡೆಂಜಿಯ ಕೈ. ಎರಡೂ ತಿಂದು ಬೆಳೆದವನು ನಾನು. ಇದನ್ನು ಏಡಿ ಅಂತ ಒಪ್ಪೋದಿಲ್ಲ.

ಮೈನ್ಸ್_ವಾಸಿ:
@ಕಡಲ_ಮಗ ನೀವು ಹೇಳಿದ್ದು ಸರಿ. ಕ್ರೆಬ್ಸ್ ಅನ್ನುವ ಪದ ಎರಡಕ್ಕೂ ನಡೆಯುತ್ತದೆ. ನದಿ ದಡದ ಜರ್ಮನ್ನರಿಗೆ ಮೊದಲು ನೆನಪಾಗುವುದು ಸಿಹಿನೀರಿನ ಕ್ರೆಬ್ಸ್. ಹೊಳೆ, ತೊರೆಯ ಕಲ್ಲಿನ ಅಡಿಯಲ್ಲಿ ಇರುತ್ತದೆ. ಆ ಜೀವಿ ಭಾರತದ ಹೊಳೆಗಳಲ್ಲಿ ಸಹಜವಾಗಿ ಇಲ್ಲ. ಅದಕ್ಕೇ ನಮ್ಮಲ್ಲಿ ಅದಕ್ಕೊಂದು ಪದವೂ ಇಲ್ಲ. ನಾನು ಏಡಿ ಅಂದಿದ್ದು ಸುಮ್ನೆ ಹತ್ತಿರದ ಪದ ಅಂತ.

ರಾಶಿಫಲ_ಬೇಡ:
ಕರ್ಕಾಟಕ ರಾಶಿಗೂ ಜರ್ಮನ್‌ನಲ್ಲಿ ಕ್ರೆಬ್ಸ್ ಅಂತಲೇ ಹೆಸರು. ಕ್ಯಾನ್ಸರ್ ರೋಗಕ್ಕೂ ಅದೇ ಪದ. ಹಳೆಯ ಯುರೋಪಿನ ಹಸ್ತಪ್ರತಿಗಳಲ್ಲಿ ಕರ್ಕಾಟಕದ ಚಿತ್ರ ನೋಡಿ, ಎಷ್ಟೋ ಕಡೆ ಉದ್ದ ಬಾಲದ ಇದೇ ಪ್ರಾಣಿ ಇರುತ್ತದೆ. ಸಮುದ್ರ ಕಾಣದವರು ಬರೆದ ಏಡಿ.

ಕಡಲ_ಮಗ:
ಸರಿ, ಹಾಗಾದರೆ ನನ್ನ ಲೆಕ್ಕದಲ್ಲಿ 'ಹೊಳೆಸಿಗಡಿ'. ಇನ್ನು ಮುಂದೆ ಹಾಗೇ ಕರೆಯುತ್ತೇನೆ. ನಿಮ್ಮ ಅಮ್ಮನಿಗೂ ಹೇಳಿಬಿಡಿ.

ದಾವಣಗೆರೆ_ಸೈಕಲ್:
ಅಮ್ಮನಿಗೆ ಓದಿ ಹೇಳಿದೆ. ಅವರ ಮಾತು ಹಾಗೇ ಹಾಕುತ್ತೇನೆ: "ಹಂಗಾದ್ರೆ ಇದು ಹೊಯ್ಸಳರ ಲಾಂಛನದಂಗೇ ಆಯ್ತು. ಹೊಯ್ ಸಳ ಅಂದ್ರು, ಹೊಯ್ಸಳ ಆಯ್ತು." ಹೋಲಿಕೆ ಸರಿ ಇದೆಯಾ?

ಶಾಸನಪ್ರಿಯ:
ನಿಮ್ಮ ತಾಯಿಯವರು ಬಹಳ ಚೆನ್ನಾಗಿ ಹಿಡಿದಿದ್ದಾರೆ. ಹುಲಿಯ ಜೊತೆ ಹೋರಾಡುವ ಸಳನ ಶಿಲ್ಪ ನೋಡಿದರೆ ವಂಶದ ಹೆಸರು ಬಾಯಿಗೆ ಬರುತ್ತದೆ. ಅದು ಮಾತಾಡುವ ಲಾಂಛನವೇ.

ಆದರೆ ಒಂದು ವ್ಯತ್ಯಾಸ ಇದೆ. ಹಳೆಯ ರೂಪ ಪೊಯ್ಸಳ. ಹೆಸರು ಮೊದಲು ಇತ್ತು, ಸಳನ ಕಥೆ ಅದನ್ನು ವಿವರಿಸಲು ಆಮೇಲೆ ಹುಟ್ಟಿತು ಅಂತ ಇತಿಹಾಸಕಾರರು ಹೇಳುತ್ತಾರೆ. ಕೂಸ್‌ನಲ್ಲಿ ಹಾಗಲ್ಲ. ಅಲ್ಲಿ ಮನೆತನದ ಹೆಸರು ನಿಜವಾಗಿಯೂ ಕ್ರೆಬ್ಸ್. ಕಥೆ ಕಟ್ಟುವ ಅಗತ್ಯವೇ ಬೀಳಲಿಲ್ಲ.

ಮೈನ್ಸ್_ವಾಸಿ:
ಶಾಸನಪ್ರಿಯ ಸರ್, ಕಥೆ ಆಮೇಲೆ ಹುಟ್ಟಿದ್ದಕ್ಕೆ ನಮ್ಮ ಮೈನ್ಸ್ ಚಕ್ರ ಒಳ್ಳೆಯ ಉದಾಹರಣೆ. ಕೆಂಪು ಗುರಾಣಿ, ಬಿಳಿ ಚಕ್ರ, ಆರು ಅರೆಕಾಲು. ಇಲ್ಲಿನ ಆರ್ಚ್‌ಬಿಷಪ್ (ದೊಡ್ಡ ಧರ್ಮಗುರು) ವಿಲ್ಲಿಗಿಸ್, ಅಧಿಕಾರದಲ್ಲಿದ್ದಿದ್ದು 975ರಿಂದ 1011ರವರೆಗೆ. ಅವರ ಅಪ್ಪ ಗಾಡಿ ಚಕ್ರ ಮಾಡುವವರು ಅಂತ ಹೇಳುತ್ತಾರೆ. ಹೊಟ್ಟೆಕಿಚ್ಚಿನ ಜನ ಹಂಗಿಸೋದಕ್ಕೆ ಗೋಡೆ ಮೇಲೆ ಚಕ್ರ ಬರೆದರಂತೆ. ವಿಲ್ಲಿಗಿಸ್ ಅದನ್ನೇ ತನ್ನ ಲಾಂಛನ ಮಾಡಿಕೊಂಡು, ಎಲ್ಲಿಂದ ಬಂದೆ ಅನ್ನುವುದನ್ನು ಮರೆಯಬೇಡ ಅಂತ ತನಗೇ ಹೇಳಿಕೊಂಡರಂತೆ. ಇದು ಐತಿಹ್ಯ. ಚಕ್ರದ ಲಾಂಛನ ಬಳಕೆಗೆ ಬಂದಿದ್ದು ಅವರು ಹೋದ ಎಷ್ಟೋ ಕಾಲದ ಮೇಲೆ. ಆದರೂ ಮೈನ್ಸ್‌ನಲ್ಲಿ ಮಕ್ಕಳಿಗೆ ಈ ಕಥೆ ಹೇಳದ ಅಜ್ಜಿ ಇಲ್ಲ.

ಟ್ರಿಯರ್_ವಿದ್ಯಾರ್ಥಿನಿ:
ಮೂಲ ಪ್ರಶ್ನೆಯ ಎರಡನೇ ಭಾಗಕ್ಕೆ ಬರ್ತೀನಿ, ಶಿಲುಬೆ ಮತ್ತು ಚೌಕಳಿ. ನಾನು ಮೂರು ವರ್ಷದಿಂದ ಟ್ರಿಯರ್‌ನಲ್ಲಿ ಓದುತ್ತಿದ್ದೀನಿ. ನನಗೆ ಈ ಲಾಂಛನಗಳು ಹಳೆಯ ಕಂದಾಯ ನಕಾಶೆ ಥರ ಕಾಣುತ್ತವೆ. ಈ ಊರಿನ ದ್ರಾಕ್ಷಿಯ ಪಾಲು ಯಾರಿಗೆ ಹೋಗುತ್ತಿತ್ತು ಅಂತ ಅವುಗಳಲ್ಲೇ ಬರೆದಿದೆ.

ಬಿಳಿ ಮೇಲೆ ಕೆಂಪು ಶಿಲುಬೆ ಕಂಡರೆ ಅದು ಟ್ರಿಯರ್ ಆರ್ಚ್‌ಬಿಷಪ್ಪರ ಊರು. ಆಗ ಆರ್ಚ್‌ಬಿಷಪ್ಪರು ಸೀಮೆ ಆಳುವವರೂ ಆಗಿದ್ದರು. ಬೆರ್ನ್‌ಕಾಸ್ಟೆಲ್ ಅವರದ್ದೇ. ಅಲ್ಲಿಂದ ಕೆಲವೇ ಕಿಲೋಮೀಟರ್ ಹೊಳೆಯ ಹರಿವಿನ ಜೊತೆ ಹೋದರೆ ಜೆಲ್ಟಿಂಗೆನ್. ಅದು ಕಲೋನ್ ಆರ್ಚ್‌ಬಿಷಪ್ಪರದ್ದು. ಅವರ ಗುರುತು ಬಿಳಿ ಮೇಲೆ ಕಪ್ಪು ಶಿಲುಬೆ. ಇನ್ನೂ ಮುಂದೆ ಟ್ರಾರ್‌ಬಾಖ್, ಎನ್‌ಕಿರ್ಶ್ ಹತ್ತಿರ ಬಂದರೆ ಸ್ಪೊನ್‌ಹೈಮ್ ಕೌಂಟ್‌ಗಳ (ಸೀಮೆ ಆಳುತ್ತಿದ್ದ ಕುಲೀನರು) ಸೀಮೆ. ಅವರದೇ ಈ ಚೌಕಳಿ. ಆ ಮನೆತನ ಎರಡು ಕವಲಾಯಿತು. ಮೋಸೆಲ್ ಕಡೆಯ ಕವಲಿಗೆ ಕೆಂಪು ಬಿಳಿ ಚೌಕ, ಕ್ರೊಯಿಟ್ಸ್‌ನಾಖ್ ಕಡೆಯ ಕವಲಿಗೆ ನೀಲಿ ಹಳದಿ ಚೌಕ. ಚೌಕದ ಬಣ್ಣ ನೋಡಿದರೆ ಯಾವ ಅಣ್ಣತಮ್ಮನ ಪಾಲು ಅಂತ ಹೇಳಬಹುದು.

ಇದು ಬರೀ ತೆರಿಗೆಯ ವಿಷಯ ಆಗಿರಲಿಲ್ಲ. ಕೋಬ್ಲೆನ್ಸ್ ಪಕ್ಕದ ವಿನ್ನಿಂಗೆನ್ ಸ್ಪೊನ್‌ಹೈಮ್ ಸೀಮೆಗೆ ಸೇರಿತ್ತು. 1557ರಲ್ಲಿ ಆ ಸೀಮೆ ಪ್ರಾಟೆಸ್ಟೆಂಟ್ ಆಯಿತು. ಸುತ್ತಮುತ್ತಲಿನ ಟ್ರಿಯರ್ ಊರುಗಳು ಕ್ಯಾಥೊಲಿಕ್ ಆಗೇ ಉಳಿದವು. ಅದೇ ಹೊಳೆ, ಅದೇ ದ್ರಾಕ್ಷಿ, ಆದರೆ ಪ್ರಾರ್ಥನೆ ಬೇರೆ.

ನೇರ_ಮಾತು:
ಅಂದರೆ ಇವೆಲ್ಲ ಜಮೀನ್ದಾರಿ ಗುರುತುಗಳು. ಬೆವರು ರೈತರದ್ದು, ಗುರಾಣಿ ಮೇಲೆ ಧಣಿಯ ಚಿಹ್ನೆ. 1794ರಲ್ಲಿ ಫ್ರೆಂಚ್ ಸೈನ್ಯ ಬಂದು ಈ ಬಿಷಪ್ಪು, ಕೌಂಟ್‌ಗಳನ್ನೆಲ್ಲ ಓಡಿಸಿತು. ಇನ್ನೂರು ವರ್ಷದ ಮೇಲೂ ಅವರ ಚೌಕಳಿಯನ್ನು ಊರ ಬಾಗಿಲಲ್ಲಿ ಯಾಕೆ ಇಟ್ಟುಕೊಳ್ಳಬೇಕು? ನನಗೆ ಇದರಲ್ಲಿ ಹೆಮ್ಮೆ ಪಡುವಂಥದ್ದು ಕಾಣುವುದಿಲ್ಲ.

ಟ್ರಿಯರ್_ವಿದ್ಯಾರ್ಥಿನಿ:
@ನೇರ_ಮಾತು ಕೌಂಟ್‌ಗಳ ಬಗ್ಗೆ ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಒಂದು ವಿಷಯ ಬಿಟ್ಟಿದ್ದೀರಿ. ಈ ಹಳ್ಳಿ ಲಾಂಛನಗಳಲ್ಲಿ ಬಹಳಷ್ಟು 20ನೇ ಶತಮಾನದವು. ಎಷ್ಟೋ ಊರುಗಳು ಎರಡನೇ ಮಹಾಯುದ್ಧ ಮುಗಿದ ಮೇಲೆ, ಚುನಾಯಿತ ಪಂಚಾಯ್ತಿ ಕೂತು ಚರ್ಚಿಸಿ ಆರಿಸಿಕೊಂಡವು. ಯಾವ ಧಣಿಯೂ ಹೇರಿದ್ದಲ್ಲ. ಅದಕ್ಕೇ ಮೇಲೆ ಚೌಕಳಿ ಇದ್ದರೆ ಕೆಳಗೆ ದ್ರಾಕ್ಷಿ ಗೊಂಚಲೋ ಚಾಕುವೋ ಇರುತ್ತದೆ. ಮೇಲಿನ ಅರ್ಧ ಆಳಿದವರದ್ದು, ಕೆಳಗಿನ ಅರ್ಧ ದುಡಿದವರದ್ದು. ಎರಡನ್ನೂ ಇಟ್ಟುಕೊಂಡಿದ್ದಾರೆ.

ಹಳೆಯ ಮೂಲ ಬೇಕೆಂದರೆ ಊರ ನ್ಯಾಯಸಭೆಯ ಮುದ್ರೆಗಳಿವೆ. ತೋಟ ಮಾರಾಟ ಆದಾಗ, ಜಗಳ ತೀರಿದಾಗ, ಊರಿನ ಪಂಚರು ಪತ್ರಕ್ಕೆ ಮೇಣದ ಮುದ್ರೆ ಒತ್ತುತ್ತಿದ್ದರು. ಮುದ್ರೆಯಲ್ಲಿ ಹೆಚ್ಚಾಗಿ ಊರ ಚರ್ಚಿನ ಸಂತ ಇರುತ್ತಿದ್ದರು. ಎಷ್ಟೋ ಲಾಂಛನ ಆ ಮುದ್ರೆಯಿಂದಲೇ ಬಂದಿವೆ. ಅದು ರೈತರ ಕೈಯಲ್ಲಿದ್ದ ಮುದ್ರೆ, ಕೌಂಟ್‌ದಲ್ಲ.

ನೇರ_ಮಾತು:
ಪಂಚಾಯ್ತಿ ಆರಿಸಿತು ಅನ್ನುವುದು ಗೊತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಒಪ್ಪುತ್ತೇನೆ. ಆದರೂ ನನ್ನ ಕೈಗೆ ಕೊಟ್ಟಿದ್ದರೆ ಚಾಕು ಒಂದನ್ನೇ ಇಡುತ್ತಿದ್ದೆ.

ತಿಕೋಟಾ_ದ್ರಾಕ್ಷಿ:
ಚಾಕು ಅಂದಿದ್ದಕ್ಕೆ ಬರೀತಾ ಇದ್ದೀನಿ. ನಮ್ಮದು ವಿಜಯಪುರ ಜಿಲ್ಲೆ, ಮನೆಯಲ್ಲಿ ದ್ರಾಕ್ಷಿ ತೋಟ, ಒಣದ್ರಾಕ್ಷಿ ಮಾಡ್ತೀವಿ. ಆ ಚಾಕುವಿನ ಚಿತ್ರ ಯಾರಾದರೂ ವಿವರಿಸ್ತೀರಾ? ಕುಡುಗೋಲಿನ ಥರ ಇದೆಯಾ? ನಾವು ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸೋದು) ಮಾಡೋದು ಕತ್ತರಿಯಲ್ಲಿ.

ಟ್ರಿಯರ್_ವಿದ್ಯಾರ್ಥಿನಿ:
ಅಣ್ಣಾ, ನೀವು ಬಂದಿದ್ದು ಬಹಳ ಒಳ್ಳೆಯದಾಯಿತು. ಕುಡುಗೋಲಿಗಿಂತ ಚಿಕ್ಕದು, ಅಲಗು ಅಗಲ, ತುದಿ ಒಳಕ್ಕೆ ಬಾಗಿದೆ. ಕೆಲವದಕ್ಕೆ ಬೆನ್ನಿನ ಕಡೆ ಪುಟ್ಟ ಕೊಡಲಿ ಥರ ಇನ್ನೊಂದು ಅಲಗು ಇರುತ್ತದೆ, ಒಣ ಕಾಂಡ ಕಡಿಯೋದಕ್ಕೆ. ಫಾಲ್ಟ್ಸ್ ಕಡೆ ಇದಕ್ಕೆ ಜೇಸೆಲ್ ಅನ್ನುತ್ತಾರೆ, ವುರ್ಟೆಂಬೆರ್ಗ್ ಕಡೆ ಹಾಪೆ. ಇವತ್ತು ಇಲ್ಲಿಯೂ ಎಲ್ಲರ ಕೈಯಲ್ಲಿ ಕತ್ತರಿಯೇ. ಆ ಚಾಕು ಉಳಿದಿರುವುದು ಮ್ಯೂಸಿಯಂನಲ್ಲಿ ಮತ್ತು ಗುರಾಣಿ ಮೇಲೆ.

ನಾನು ಎರಡು ವರ್ಷ ಕೊಯ್ಲಿಗೆ ಹೋಗಿದ್ದೆ. ಗುಡ್ಡ ಎಷ್ಟು ಕಡಿದು ಅಂದರೆ ಬುಟ್ಟಿ ಬಿಟ್ಟರೆ ಹೊಳೆಯವರೆಗೂ ಉರುಳುತ್ತದೆ. ಕೆಲವು ಕಡೆ ಒಂದೇ ಹಳಿಯ ಪುಟ್ಟ ಗಾಡಿಯಲ್ಲಿ ಮೇಲಕ್ಕೆ ಹೋಗಬೇಕು. ಕಾಲ ಕೆಳಗೆ ಮಣ್ಣಿಗಿಂತ ಸ್ಲೇಟ್ ಕಲ್ಲಿನ ಚಕ್ಕೆಯೇ ಜಾಸ್ತಿ. ಹಗಲು ಬಿಸಿ ಹಿಡಿದುಕೊಂಡು ರಾತ್ರಿ ಬಳ್ಳಿಗೆ ಕೊಡುವುದು ಆ ಕಲ್ಲು.

ತಿಕೋಟಾ_ದ್ರಾಕ್ಷಿ:
ಚಪ್ಪರ ಹಾಕ್ತಾರಾ, ತಂತಿಯಾ?

ಟ್ರಿಯರ್_ವಿದ್ಯಾರ್ಥಿನಿ:
ಸಪಾಟು ಜಾಗದಲ್ಲಿ ತಂತಿ. ಹಳೆಯ ಕಡಿದಾದ ತೋಟಗಳಲ್ಲಿ ಒಂದು ಬಳ್ಳಿಗೆ ಒಂದೇ ಗೂಟ. ಎರಡು ಕಡ್ಡಿಯನ್ನು ಎರಡು ಕಡೆಯಿಂದ ಬಗ್ಗಿಸಿ ಗೂಟಕ್ಕೆ ಕಟ್ಟುತ್ತಾರೆ, ಹೃದಯದ ಆಕಾರ ಬರುತ್ತದೆ. ತಂತಿ ಇಲ್ಲದ ಕಾರಣ ಕೆಲಸ ಮಾಡುವವರು ಗುಡ್ಡದಲ್ಲಿ ಅಡ್ಡಡ್ಡ ಓಡಾಡಬಹುದು. ಲಾಂಛನದಲ್ಲಿ ಬಳ್ಳಿಯನ್ನು ಗೂಟದ ಜೊತೆಗೇ ಬಿಡಿಸಿದ್ದು ಕಂಡರೆ ಗಮನಿಸಿ, ಅದು ಸುಮ್ನೆ ಅಲಂಕಾರ ಅಲ್ಲ. ಚಾಟ್ನಿ ಇಲ್ಲಿ ವರ್ಷಕ್ಕೆ ಒಂದೇ ಸಲ, ಚಳಿಗಾಲದಲ್ಲಿ.

ತಿಕೋಟಾ_ದ್ರಾಕ್ಷಿ:
ನಮ್ಮಲ್ಲಿ ಎರಡು. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್ ಸುಮಾರಿಗೆ ಫಸಲಿಗೆ ಇನ್ನೊಂದು. ಬಳ್ಳಿಗೆ ನಿದ್ದೆ ಮಾಡಿಸೋ ಚಳಿ ನಮ್ಮಲ್ಲಿಲ್ಲ. ಗೂಟದ ವಿಷಯ ಅಪ್ಪನಿಗೆ ಹೇಳಿದೆ. "ಗುಡ್ಡದಾಗ ಒಂಟಿ ಗೂಟನಾ? ಗಾಳಿ ಬಂದ್ರ ಏನ್ ಮಾಡ್ತಾರ" ಅಂತ ಕೇಳಿದರು.

ಟ್ರಿಯರ್_ವಿದ್ಯಾರ್ಥಿನಿ:
ಗೂಟ ಆಳಕ್ಕೆ ಹೊಡೆದಿರುತ್ತಾರೆ, ಬಳ್ಳಿಯೂ ಗಿಡ್ಡ. ಕಣಿವೆ ಆಳದಲ್ಲಿ ಇರುವುದರಿಂದ ಗಾಳಿಯ ಹೊಡೆತವೂ ಕಡಿಮೆ. ಅಪ್ಪಾಜಿಗೆ ನಮಸ್ಕಾರ ತಿಳಿಸಿ.

ಬಣ್ಣದ_ಪೆಟ್ಟಿಗೆ:
ನಾನು ಗ್ರಾಫಿಕ್ ಡಿಸೈನರ್. ಅಮ್ಮ ಹೇಳಿದ ಹಳದಿ ಕೆಂಪಿನ ಬಗ್ಗೆ ಒಂದು ಮಾತು. ಲಾಂಛನ ಶಾಸ್ತ್ರದಲ್ಲಿ ಬಂಗಾರ (ಅಂದರೆ ಹಳದಿ) ಮತ್ತು ಬೆಳ್ಳಿ (ಅಂದರೆ ಬಿಳಿ) 'ಲೋಹ'. ಕೆಂಪು, ನೀಲಿ, ಹಸಿರು, ಕಪ್ಪು 'ಬಣ್ಣ'. ಲೋಹದ ಮೇಲೆ ಲೋಹ ಇಡಬಾರದು, ಬಣ್ಣದ ಮೇಲೆ ಬಣ್ಣ ಇಡಬಾರದು. ಕಾರಣ ಸರಳ. ಯುದ್ಧದ ಧೂಳಿನಲ್ಲಿ, ದೂರದಿಂದ, ಗುರಾಣಿ ಗುರುತು ಸಿಗಬೇಕು. ಇವತ್ತಿನ ರಸ್ತೆ ಫಲಕಕ್ಕೂ ಇದೇ ಲೆಕ್ಕ.

ಮೇಲೆ ಬಂದವನ್ನೆಲ್ಲ ಒರೆಗೆ ಹಚ್ಚಿ ನೋಡಿ. ಟ್ರಿಯರ್‌ನದು ಬೆಳ್ಳಿ ಮೇಲೆ ಕೆಂಪು, ಮೈನ್ಸ್‌ನದು ಕೆಂಪಿನ ಮೇಲೆ ಬೆಳ್ಳಿ, ಕಲೋನ್‌ನದು ಬೆಳ್ಳಿ ಮೇಲೆ ಕಪ್ಪು, ಮೇಲೆ ಬರದ ಫಾಲ್ಟ್ಸ್ ಸೀಮೆಯ ಸಿಂಹವೂ ಕಪ್ಪಿನ ಮೇಲೆ ಬಂಗಾರ. ಕುಸಾನುಸ್ ಅವರ ಹೊಳೆಸಿಗಡಿ ಬಂಗಾರದ ಮೇಲೆ ಕೆಂಪು. ಎಲ್ಲವೂ ಪಾಸ್. ಮ. ರಾಮಮೂರ್ತಿ ಅವರು ರೂಪಿಸಿದ ನಮ್ಮ ಅರಿಶಿನ ಕುಂಕುಮದ ಬಾವುಟದಲ್ಲೂ ಒಂದು ಲೋಹ, ಒಂದು ಬಣ್ಣ. ಅದಕ್ಕೇ ರಾಜ್ಯೋತ್ಸವದ ದಿನ ಬೀದಿಯ ಆ ತುದಿಯಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಬೆಣ್ಣೆದೋಸೆ:
ಜರ್ಮನಿಯ ಬಾವುಟದಲ್ಲೇ ಕಪ್ಪಿನ ಪಕ್ಕ ಕೆಂಪು ಇದೆಯಲ್ಲ? ಆ ನಿಯಮ ಎಲ್ಲಿ ಹೋಯಿತು?

ಬಣ್ಣದ_ಪೆಟ್ಟಿಗೆ:
ನಿಯಮ ಇರುವುದು ಒಂದರ 'ಮೇಲೆ' ಇನ್ನೊಂದನ್ನು ಇಡುವುದಕ್ಕೆ. ಪಕ್ಕಪಕ್ಕದ ಪಟ್ಟಿಗಳಿಗೆ ಅದನ್ನು ಅಷ್ಟು ಬಿಗಿಯಾಗಿ ಹಚ್ಚುವುದಿಲ್ಲ. ನಿಜವಾಗಿ ಮುರಿದಿದ್ದಕ್ಕೆ ಜೆರುಸಲೇಮ್ ರಾಜ್ಯದ ಲಾಂಛನ ನೋಡಿ, ಬೆಳ್ಳಿಯ ಮೇಲೆ ಬಂಗಾರದ ಶಿಲುಬೆಗಳು.

ಇನ್ನೊಂದು ಉಪಾಯ ಹೇಳ್ತೀನಿ. ಬಣ್ಣ ಇಲ್ಲದ ಮುದ್ರೆ, ಕಲ್ಲಿನ ಕೆತ್ತನೆ, ಕಪ್ಪು ಬಿಳುಪು ಲೇಬಲ್ ಸಿಕ್ಕರೆ ಗೆರೆ ನೋಡಿ. ಚುಕ್ಕಿ ಇದ್ದರೆ ಬಂಗಾರ. ಉದ್ದ ಗೆರೆ ಇದ್ದರೆ ಕೆಂಪು. ಅಡ್ಡ ಗೆರೆ ನೀಲಿ. ಓರೆ ಗೆರೆ ಹಸಿರು. ಖಾಲಿ ಬಿಟ್ಟರೆ ಬೆಳ್ಳಿ. ಈ ಪದ್ಧತಿ 17ನೇ ಶತಮಾನದ್ದು. ಅದಕ್ಕಿಂತ ಹಳೆಯ ಕೆತ್ತನೆಗೆ ಅನ್ವಯಿಸಬೇಡಿ. ಎಡ ಬಲವನ್ನೂ ಗುರಾಣಿ ಹಿಡಿದವನ ಕಡೆಯಿಂದ ಹೇಳಬೇಕು. ನಮಗೆ ಕಾಣುವ ಎಡ ಅವನ ಬಲ.

ಹಾಸನದ_ಮಗಳು:
ಉದ್ದ ಗೆರೆ ಕೆಂಪು ಅನ್ನುವುದು ಎಷ್ಟು ಉಪಯೋಗಕ್ಕೆ ಬಂತು ಗೊತ್ತಾ! ನಮ್ಮ ಮನೆಯಲ್ಲಿ ಒಂದು ಹಳೇ ವೈನ್ ಬಾಟಲಿ ಇದೆ, ಗಂಡನ ಸಹೋದ್ಯೋಗಿ ಕೊಟ್ಟಿದ್ದು. ಲೇಬಲ್ ಪೂರ್ತಿ ಕಪ್ಪು ಬಿಳುಪು. ಈಗ ಎದ್ದು ಹೋಗಿ ನೋಡಿದೆ. ಉದ್ದ ಗೆರೆಯ ಗುರಾಣಿ, ಮಧ್ಯೆ ಖಾಲಿ ಬಿಟ್ಟ ಚಕ್ರ. ಅಂದರೆ ಕೆಂಪಿನ ಮೇಲೆ ಬೆಳ್ಳಿ ಚಕ್ರ. ಮೈನ್ಸ್! ಊರಿನ ಹೆಸರು ರೈನ್‌ಗೌ ಕಡೆಯದು.

ಮೈನ್ಸ್_ವಾಸಿ:
ಸರಿಯಾಗಿ ಓದಿದಿರಿ ಅಕ್ಕ. ರೈನ್‌ಗೌ ಪೂರ್ತಿ ಮೈನ್ಸ್ ಆರ್ಚ್‌ಬಿಷಪ್ಪರ ಕೈಯಲ್ಲಿತ್ತು. ಇವತ್ತು ಅದು ಹೆಸ್ಸೆನ್ ರಾಜ್ಯದಲ್ಲಿದೆ, ರೈನ್ ನದಿಯ ಈ ಕಡೆ ಮೈನ್ಸ್ ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯದಲ್ಲಿದೆ. ರಾಜ್ಯದ ಗಡಿ ಬದಲಾಯಿತು, ಚಕ್ರ ಎರಡೂ ದಡದಲ್ಲಿ ಉಳಿಯಿತು.

ರೈನ್‌ಲ್ಯಾಂಡ್-ಫಾಲ್ಟ್ಸ್ ರಾಜ್ಯದ ಲಾಂಛನವನ್ನೂ ಒಮ್ಮೆ ನೋಡಿ. 1948ರದ್ದು. ಟ್ರಿಯರ್ ಶಿಲುಬೆ, ಮೈನ್ಸ್ ಚಕ್ರ, ಫಾಲ್ಟ್ಸ್ ಸಿಂಹ ಮೂರೂ ಒಂದೇ ಗುರಾಣಿಯಲ್ಲಿವೆ. ಮೇಲೆ ಕಿರೀಟ ಇದೆ, ಆದರೆ ರಾಜನದ್ದಲ್ಲ. ದ್ರಾಕ್ಷಿ ಎಲೆಗಳ ಕಿರೀಟ. ಅದನ್ನು ಜನರ ಕಿರೀಟ ಅನ್ನುತ್ತಾರೆ. @ನೇರ_ಮಾತು ಇದು ನಿಮಗೆ ಇಷ್ಟ ಆಗಬಹುದು.

ನೇರ_ಮಾತು:
ಹೌದು, ಇದು ಇಷ್ಟ ಆಯಿತು.

ಎರಡು_ತಲೆ:
ಇಷ್ಟು ಮಾತಾಡಿದಿರಿ, ನಮ್ಮ ಗಂಡಭೇರುಂಡ ಯಾರಿಗೂ ನೆನಪಾಗಲಿಲ್ವಾ? ಜರ್ಮನ್ ಚಕ್ರವರ್ತಿಗಳ ಎರಡು ತಲೆ ಹದ್ದು ನಮ್ಮಿಂದಲೇ ಹೋಗಿದ್ದು.

ಶಾಸನಪ್ರಿಯ:
ಹಾಗೆ ಹೇಳಬೇಡಿ. ಎರಡು ತಲೆಯ ಹಕ್ಕಿ ನಮ್ಮ ಯಾವ ರಾಜವಂಶಕ್ಕಿಂತಲೂ ಎಷ್ಟೋ ಹಳೆಯದಾಗಿ ಪಶ್ಚಿಮ ಏಷ್ಯಾದಲ್ಲಿ ಸಿಗುತ್ತದೆ. ಗಂಡಭೇರುಂಡದ ಹಿರಿಮೆಗೆ ಬಳ್ಳಿಗಾವಿಯ ಕಂಬವೇ ಸಾಕು, ಇನ್ನೊಬ್ಬರ ಹದ್ದು ಬೇಕಿಲ್ಲ. ಬೇಕಿದ್ದರೆ ಬೇರೆ ಎಳೆ ತೆಗೆಯಿರಿ, ಬರ್ತೀನಿ.

ಅರಸೀಕೆರೆ_ಟು_ಮ್ಯೂನಿಕ್:
ನನ್ನ ಅನುಭವ ಒಂದು ಹೇಳಿಬಿಡ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು. ನಾಲ್ಕು ವರ್ಷದ ಹಿಂದೆ ಪ್ರವಾಸಿ ಜಾಗದ ಒಂದು ಅಂಗಡಿಯಲ್ಲಿ "ನಿಮ್ಮ ಮನೆತನದ ಲಾಂಛನ ಹುಡುಕಿ ಕೊಡುತ್ತೇವೆ" ಅಂತ ಬೋರ್ಡ್ ಇತ್ತು. ಜೊತೆಗಿದ್ದ ಜರ್ಮನ್ ಗೆಳೆಯ ತನ್ನ ಹೆಸರು ಹೇಳಿ 60 ಯೂರೋ ಕೊಟ್ಟು ಒಂದು ತೆಗೆದುಕೊಂಡ. ಮನೆಗೆ ಹೋಗಿ ತಾತನಿಗೆ ತೋರಿಸಿದರೆ, ಅವರಿಗೂ ಆ ಚಿತ್ರಕ್ಕೂ ಸಂಬಂಧವೇ ಇಲ್ಲ. ಅದೇ ಹೆಸರಿನ ಬೇರೆ ಯಾರದೋ ಮನೆತನದ್ದು. ಅವನಿಗೆ ಬಹಳ ಬೇಜಾರಾಯಿತು. ಲಾಂಛನ ಹೆಸರಿಗೆ ಸೇರಿದ್ದಲ್ಲ, ವಂಶಕ್ಕೆ ಸೇರಿದ್ದು.

ಮೈನ್ಸ್_ವಾಸಿ:
ಇದು ಆಗಾಗ ನಡೆಯುತ್ತದೆ. ಜರ್ಮನಿಯಲ್ಲಿ ಇಂಗ್ಲೆಂಡಿನ ಥರ ಲಾಂಛನ ಕೊಡುವ ಸರ್ಕಾರಿ ಕಚೇರಿ ಇಲ್ಲ. ಮನೆತನಕ್ಕೆ ಹೊಸದು ಬೇಕಾದರೆ ಯಾರಾದರೂ ಮಾಡಿಕೊಳ್ಳಬಹುದು, ಇನ್ನೊಬ್ಬರದ್ದನ್ನು ನಕಲು ಮಾಡಬಾರದು. 1869ರಲ್ಲಿ ಬರ್ಲಿನ್‌ನಲ್ಲಿ ಶುರುವಾದ ಹೆರೋಲ್ಡ್ ಸಂಘದಂಥವರು ಪಟ್ಟಿಯಲ್ಲಿ ದಾಖಲಿಸುತ್ತಾರೆ.

ಊರಿನದು ಬೇರೆ. ಪಂಚಾಯ್ತಿ ತೀರ್ಮಾನ ಮಾಡಬೇಕು, ಮೇಲಿನ ಆಡಳಿತ ಒಪ್ಪಿಗೆ ಕೊಡಬೇಕು. ರಾಜ್ಯದ ದಾಖಲೆ ಸಂಗ್ರಹದವರು ಇತಿಹಾಸ ಸರಿ ಇದೆಯಾ, ಬಣ್ಣದ ನಿಯಮ ಸರಿ ಇದೆಯಾ, ಪಕ್ಕದೂರಿನ ಲಾಂಛನಕ್ಕೆ ಹೋಲುತ್ತದಾ ಅಂತ ನೋಡುತ್ತಾರೆ. ಆಮೇಲೆ ಹೆಸರಿಗೆ ಇರುವಂಥದ್ದೇ ರಕ್ಷಣೆ ಅದಕ್ಕೂ ಸಿಗುತ್ತದೆ. ಅದೇ ಊರಿನ ವೈನ್ ಮಾಡುವವರು ಕೂಡ ಲೇಬಲ್ ಮೇಲೆ ಊರ ಲಾಂಛನ ಹಾಕಬೇಕಾದರೆ ಪಂಚಾಯ್ತಿಯನ್ನು ಕೇಳಬೇಕು.

ಗೇರ್_ಬಾಕ್ಸ್:
ವಿನ್ನಿಂಗೆನ್ ಹೆಸರು ಬಂದಿದ್ದಕ್ಕೆ ಒಂದು ಮಾತು. ಆಗಸ್ಟ್ ಹೋರ್ಶ್ ಹುಟ್ಟಿದ್ದು ಅದೇ ಊರಿನಲ್ಲಿ, 1868ರಲ್ಲಿ, ಕಮ್ಮಾರರ ಮನೆಯಲ್ಲಿ. ತಾನು ಕಟ್ಟಿದ ಹೋರ್ಶ್ ಕಂಪನಿಯಿಂದ ಹೊರಗೆ ಬಂದ ಮೇಲೆ ಹೊಸ ಕಾರಿಗೆ ತನ್ನ ಹೆಸರೇ ಇಡುವಂತಿರಲಿಲ್ಲ. ಹೋರ್ಶ್ ಅಂದರೆ ಜರ್ಮನ್‌ನಲ್ಲಿ 'ಕೇಳು'. ಲ್ಯಾಟಿನ್‌ನಲ್ಲಿ ಅದೇ ಮಾತು 'ಔಡಿ'. ಆಡಿ ಕಾರಿನ ಹೆಸರು ಹೀಗೆ ಬಂತು. ಇದೂ ಮಾತಾಡುವ ಲಾಂಛನದ ಥರವೇ ಅಲ್ವಾ?

ರಾಶಿಫಲ_ಬೇಡ:
ಹಾಗಾದರೆ ನಾಲ್ಕು ಉಂಗುರ?

ಗೇರ್_ಬಾಕ್ಸ್:
1932ರಲ್ಲಿ ನಾಲ್ಕು ಕಂಪನಿ ಸೇರಿದ್ದಕ್ಕೆ. ಆಡಿ, ಹೋರ್ಶ್, ಡಿಕೆಡಬ್ಲ್ಯು, ವಾಂಡರರ್. ಹೋರ್ಶ್ ಅವರ ಎರಡೂ ಹೆಸರು ಕೊನೆಗೆ ಒಂದೇ ಕಡೆ ಬಂದು ಸೇರಿದವು.

ದಾವಣಗೆರೆ_ಸೈಕಲ್:
ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಒಂದು ಸಂದೇಹ ಉಳಿದಿದೆ. ಕಾರ್ಡಿನಲ್ ಆದವರು, ದೊಡ್ಡ ಊರುಗಳಲ್ಲಿ ಇದ್ದವರು. ಅವರ ಹೊಳೆಸಿಗಡಿ ಈ ಸಣ್ಣ ಊರಿನಲ್ಲಿ ಇಷ್ಟು ಗಟ್ಟಿಯಾಗಿ ಉಳಿದಿದ್ದು ಹೇಗೆ? ಬರೀ ಹುಟ್ಟೂರು ಅಂತಲಾ?

ಮೈನ್ಸ್_ವಾಸಿ:
ಸೇತುವೆ ಪಕ್ಕದಲ್ಲೇ ಒಂದು ದೊಡ್ಡ ಹಳೆಯ ಕಟ್ಟಡ ನೋಡಿದಿರಲ್ಲ? ಸೇಂಟ್ ನಿಕೊಲಾಸ್ ಹಾಸ್ಪಿಟಲ್. ಹೆಸರು ಹಾಸ್ಪಿಟಲ್ ಆದರೂ ಅದು ವೃದ್ಧರ ಆಶ್ರಯ. 1458ರಲ್ಲಿ ಕುಸಾನುಸ್ ತಮ್ಮ ಆಸ್ತಿಯನ್ನು ಅದಕ್ಕೆ ಬರೆದುಕೊಟ್ಟರು. 33 ಜನ ಇರಬೇಕು ಅಂತ ನಿಯಮ, ಕ್ರಿಸ್ತ ಬದುಕಿದ್ದ ವರ್ಷಗಳ ಲೆಕ್ಕ. 6 ಪಾದ್ರಿಗಳು, 6 ಕುಲೀನರು, ಉಳಿದ 21 ಸಾಮಾನ್ಯ ಜನ. ಖರ್ಚಿಗೆ ದ್ರಾಕ್ಷಿ ತೋಟಗಳ ಆದಾಯ. ಆ ಮನೆ ಇಂದಿಗೂ ವೃದ್ಧರ ಮನೆಯಾಗಿಯೇ ನಡೆಯುತ್ತಿದೆ, ತೋಟಗಳೂ ಇವೆ. ಅವರ ಗ್ರಂಥಾಲಯವೂ ಅಲ್ಲೇ ಇದೆ, ಮುನ್ನೂರಕ್ಕೂ ಹೆಚ್ಚು ಹಸ್ತಪ್ರತಿ.

1464ರಲ್ಲಿ ಅವರು ಇಟಲಿಯಲ್ಲಿ ತೀರಿಕೊಂಡರು. ದೇಹ ರೋಮ್‌ನ ಚರ್ಚಿನಲ್ಲಿದೆ. ಹೃದಯವನ್ನು ಮಾತ್ರ ಕೂಸ್‌ಗೆ ತಂದು ಆ ಆಶ್ರಯದ ಪ್ರಾರ್ಥನಾ ಮಂದಿರದಲ್ಲಿ ಇಟ್ಟಿದ್ದಾರೆ. ಮೇಲೆ ಹಿತ್ತಾಳೆ ಫಲಕ ಇದೆ.

ಹಾಸನದ_ಮಗಳು:
ಐನೂರ ಅರವತ್ತು ವರ್ಷದಿಂದ ದ್ರಾಕ್ಷಿ ಮಾರಿ ಮುದುಕರನ್ನು ಸಾಕುತ್ತಿದೆ ಒಂದು ಊರು! ಇದನ್ನು ಮೊದಲೇ ಯಾಕೆ ಹೇಳಲಿಲ್ಲ ನೀವು?

ಮೈನ್ಸ್_ವಾಸಿ:
ಕೇಳಿದ್ದು ಏಡಿಯ ಬಗ್ಗೆ ಅಲ್ವಾ ಅಕ್ಕ.

ತಿಕೋಟಾ_ದ್ರಾಕ್ಷಿ:
ಇದನ್ನೂ ಅಪ್ಪನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆ ತೋಟದ ಕಲ್ಲು ಒಂದ್ ಚೂರು ನೋಡಬೇಕು" ಅಂದರು. @ದಾವಣಗೆರೆ_ಸೈಕಲ್ ಮುಂದಿನ ಸಲ ಹೋದರೆ ದಾರಿ ಬದಿಯ ಸ್ಲೇಟ್ ಕಲ್ಲಿನ ಫೋಟೋ ಹಾಕ್ತೀರಾ? ಹತ್ತಿರದಿಂದ ತೆಗೀರಿ, ಪದರ ಕಾಣಬೇಕು.

ದಾವಣಗೆರೆ_ಸೈಕಲ್:
ಖಂಡಿತ ಹಾಕ್ತೀನಿ ಅಣ್ಣ. ಅಮ್ಮ ವಾಪಸ್ ಹೋಗುವುದಕ್ಕೆ ಇನ್ನೂ ಎಂಟು ದಿನ ಇದೆ. ಆ ಕಟ್ಟಡದ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಒಳಗೆ ಹೋಗದೆ ಬಂದಿದ್ದೆವು. ಭಾನುವಾರ ಮತ್ತೆ ಹೊರಟಿದ್ದೇವೆ.